ಫಿಚಾದ ಬಾಗಿಲು

ಕ್ರಾಗುಯೆವಾತ್ಸ್
೯ ಸೆಪ್ಟೆಂಬರ್ ೧೯೮೮

ಪ್ರೀತಿಯ ಮಗ ಸ್ರೆಟೆನ್,

ಹೇಗಿದ್ದೀಯಪ್ಪ? ಬೆನ್ನುನೋವು ಹೇಗಿದೆ? ಸ್ಟುಟ್‌ಗಾರ್ಟಿನಲ್ಲಿ ಆಗಲೇ ಚಳಿ ಎಂದು ನೀನು ಬರೆದಿದ್ದೆ. ನಾನು ಕಳಿಸಿದ ಉಣ್ಣೆಯಂಗಿ ಹಾಕಿಕೊಳ್ಳುತ್ತಿದ್ದೀಯೋ, ಪೆಟ್ಟಿಗೆಯಲ್ಲೇ ಇಟ್ಟಿದ್ದೀಯೋ? ನಾನು ಚೆನ್ನಾಗಿದ್ದೇನೆ, ನಿದ್ದೆಯೊಂದು ಬಿಟ್ಟರೆ.

ನಿದ್ದೆ ಕೆಡಿಸಿರುವುದು ನಿನ್ನ ಹಳೇ ಕಾರು, ಆ ಫಿಚಾ. ನಿನ್ನ ಮಗಳು ಯಾಗೊಡಾ ತನ್ನ ಮದುವೆಗೆ ಅದರಲ್ಲೇ ಚರ್ಚಿಗೆ ಹೋಗಬೇಕೆಂದು ಹಟ ಹಿಡಿದಳು. ತುಕ್ಕು ತಿಂದ ತಗಡನ್ನೆಲ್ಲ ಬದಲಿಸುತ್ತೇನೆಂದು ನಿನ್ನ ತಮ್ಮ ಮಿಲುಟಿನ್ ಒಪ್ಪಿಕೊಂಡ. ನೀನು ಹೊರಡುವಾಗ ಅವನಿಗೆ ಹೇಳಿದ್ದು ಇನ್ನೂ ನನ್ನ ಕಿವಿಯಲ್ಲಿದೆ: ಈ ಕಾರಿಗೆ ಬೇರೆ ಚಾಸಿ ಇಲ್ಲ, ಬಾಗಿಲ ಕೆಳಗಿನ ತೊಲೆಗಳೇ ಅದರ ಬೆನ್ನುಮೂಳೆ, ನಡು ಕುಸಿಯದಂತೆ ಮೊದಲು ಬಾಗಿಲ ಚೌಕಟ್ಟಿಗೆ ಅಡ್ಡಪಟ್ಟಿ ಬೆಸೆದುಕೋ, ಒಂದು ಬದಿ ಮುಗಿಸಿಯೇ ಇನ್ನೊಂದು ಕತ್ತರಿಸು. ಅವನು ಮದುವೆ ಹತ್ತಿರ ಬಂತೆಂದು ಪಟ್ಟಿಯನ್ನೂ ಹಾಕದೆ ಎರಡೂ ಬದಿ ಒಟ್ಟಿಗೇ ಕತ್ತರಿಸಿ ಹೊಸ ತೊಲೆ ಬೆಸೆದ. ಆಮೇಲೆ ಬಾಗಿಲು ಕೂರಲೇ ಇಲ್ಲ, ಮೇಲ್ಮೂಲೆ ಚೌಕಟ್ಟಿಗೆ ತಗುಲುತ್ತಿತ್ತು. ಅದನ್ನೇ ಉಜ್ಜಿ ಉಜ್ಜಿ ಕೂರಿಸಿದ. "ನಡು ಕುಸಿದಿದೆ ಕಣೋ" ಎಂದೆ. "ನಾಲ್ಕನೇ ಕ್ಲಾಸಿಗೇ ಸ್ಕೂಲು ಬಿಟ್ಟೋಳು ನೀನ್ಯಾವಾಗಮ್ಮ ವೆಲ್ಡಿಂಗ್ ಕಲ್ತೆ? ಹೋಗು, ಚಳಿಗಾಲದ ಚಟ್ನಿಗೆ ಮೆಣಸಿನಕಾಯಿ ಸುಡು" ಎಂದ.

ನಿನ್ನೆ ಯಾಗೊಡಾ, ಮದುವೆಗೆ ಸಾಕ್ಷಿ ನಿಲ್ಲುವ ರುಜಾ ಇಬ್ಬರೂ ಕಾರಿನಲ್ಲಿ ಕೂತು ನೋಡಿದರು. ರುಜಾಳ ಗಾತ್ರ ನಿನಗೆ ಗೊತ್ತಲ್ಲ. ಇಳಿಯೋಣವೆಂದರೆ ಎರಡೂ ಬಾಗಿಲು ಬಿಗಿದುಕೊಂಡವು. ಹೊರಗಿನಿಂದ ನಾನು ಎಳೆದೆ, ಅಂಗೈ ಕೆಂಪಾಯಿತೇ ಹೊರತು ಬಾಗಿಲು ಅಲುಗಲಿಲ್ಲ. ಒಳಗೆ ಯಾಗೊಡಾ ಬೆವರುತ್ತ "ಎಳಿ ಅಜ್ಜಿ, ಎಳಿ" ಎನ್ನುತ್ತಿದ್ದಳು. ಕೊನೆಗೆ ಮಿಲುಟಿನ್ ನಡುವಿನ ಕೆಳಗೆ ಜ್ಯಾಕ್ ಕೊಟ್ಟು ಎತ್ತಿದ, ಬಾಗಿಲು ತಾನಾಗಿ ತೆರೆದುಕೊಂಡಿತು. "ಮದುವೆವರ್ಗೂ ನಾನು ಬ್ರೆಡ್ ಮುಟ್ಟಲ್ಲಪ್ಪ" ಎಂದಳು ರುಜಾ. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಚರ್ಚಿನಿಂದ ಕೆಳಕ್ಕೆ ಆ ಇಳಿಜಾರು, ಅದರ ಕೊನೆಗೆ ಲಾರಿ ಓಡಾಡುವ ರಸ್ತೆ. ಅಲ್ಲಿ ಕಾರಿನ ನಡು ಮುರಿದರೆ? "ಬಣ್ಣ ಬಿದ್ರೆ ಎಲ್ಲಾ ಸರಿಹೋಗುತ್ತೆ" ಅನ್ನುತ್ತಾನೆ ನಿನ್ನ ತಮ್ಮ. ಬಣ್ಣ ಬಿದ್ದ ಮೇಲೆ ನೋಡುವವರು ಯಾರು, ಕೇಳುವವರು ಯಾರು?

ಯಾಗೊಡಾ ನಿನಗೆ ಮುತ್ತು ಕಳಿಸಿದ್ದಾಳೆ. ಹೊತ್ತಿಗೆ ಸರಿಯಾಗಿ ಉಣ್ಣು. ದೇವರು ನಿನ್ನ ಬೆನ್ನಿಗಿರಲಿ.

ನಿನ್ನ ಅಮ್ಮ
ದೇಸಾಂಕಾ

ತಾ.ಕ.: ಟಪಾಲಿನವನು ಗೇಟಿನ ಹತ್ತಿರ ಬಂದ. ಲಕೋಟೆ ಬಿಸಾಡಬೇಡ, ಒಳಗಿರುವುದು ಗ್ಯಾರೇಜಿನ ಬೀಗದ ಕೈ. ಇನ್ನೊಂದನ್ನು ಬಾವಿಗೆ ಹಾಕಿದೆ. ನಾಳೆ ಬಣ್ಣದವನು ಬರುತ್ತಾನೆ, ಮಿಲುಟಿನ್ ಬೆಳಗಿನಿಂದ ಮನೆಯೆಲ್ಲ ಹುಡುಕುತ್ತಿದ್ದಾನೆ, ನಾನು ಬಾಯಿ ಬಿಟ್ಟಿಲ್ಲ. ಮದುವೆಯ ದಿನದವರೆಗೆ ಕಾಯದೆ ರಜೆ ಕೇಳಿ ಬೇಗ ಬಾ, ಬಂದು ಆ ತೊಲೆಗಳನ್ನು ನೀನೇ ಮತ್ತೆ ಕತ್ತರಿಸಿ ಬೆಸೆ. ಅಷ್ಟರಲ್ಲಿ ನೀನು ಬರದಿದ್ದರೆ ಹುಡುಗಿ ನಡೆದೇ ಚರ್ಚಿಗೆ ಹೋಗಲಿ, ಕೈಹಿಡಿದು ನಾನು ಕರೆದೊಯ್ಯುತ್ತೇನೆ.