ಮೂವತ್ತೊಂದು ಪರ್ಸೆಂಟ್ ಬೀದಿ

ಜನವರಿ 9

ಮುನ್ನೂರ ಹತ್ತು ಬೆಡ್‌ಶೀಟು. ಎರಡನೇ ಇಸ್ತ್ರಿ ಮಷೀನು ಮತ್ತೆ ಕೈಕೊಟ್ಟಿತು. ಆಸ್ಪತ್ರೆ ಲಾಂಡ್ರಿಗೆ ಸೇರಿ ಇಪ್ಪತ್ತು ವರ್ಷ, ಅದಕ್ಕೂ ನನಗೂ ಇನ್ನೂ ಜಗಳ.

ಪಾಳಿ ಮುಗಿಸಿ ಬಂದರೆ ಬೀದಿ ತುದೀಲಿ ಪಕ್ಷದವನೊಬ್ಬ ಬೈಕ್ ಮೇಲೆ ಮ್ಯಾಪ್ ಹರಡಿಕೊಂಡು ನಿಂತಿದ್ದ. ಹೆದ್ದಾರಿ ಆಚೆ ಬಡಾವಣೆ ಪೂರ್ತಿ ಹಸಿರು. ನಮ್ಮ ಬೀದಿಗೆ ಬಣ್ಣವೇ ಇಲ್ಲ.

‘ಇದ್ಯಾಕಪ್ಪ ಖಾಲಿ?’ ಅಂದೆ.

‘ಅಕ್ಕಾ, ಆಚೆ ಸ್ವಂತ ಮನೆಯವರು, ಪೆನ್ಷನ್ನಿನವರು. ಎಂಬತ್ತು ಪರ್ಸೆಂಟ್ ಬರ್ತಾರೆ, ನಮಗೇ ಹಾಕ್ತಾರೆ. ನಿಮ್ಮದು ಬಾಡಿಗೆ ಬೀದಿ. ಹೋದ ಸಲ ಮೂವತ್ತೊಂದು. ಸೋಮಾರಿಗಳು... ಬೇಜಾರಾಗ್ಬೇಡಿ. ನೀವು ಬಂದ್ರೆ ನಮಗೇ ಲುಕ್ಸಾನು.’

ಸೋಮಾರಿಗಳಂತೆ! ಅವನಪ್ಪ ಆಸ್ಪತ್ರೇಲಿ ಮಲಗಿದಾಗ ಶೀಟು ಬದಲಾಯಿಸಿದ್ದು ಯಾರಂತೆ? ಮೈಯೆಲ್ಲ ಉರಿದುಹೋಯ್ತು.

ಜನವರಿ 11

ಲಿಸ್ಟ್ ಮೇಡಂ ಬಂದಿದ್ರು. ಸ್ಕೂಲ್ ಟೀಚರ್ರು, ನಮ್ಮ ಬೀದಿ ವೋಟರ್ ಲಿಸ್ಟ್ ಅವರ ತಲೆಗೇ ಕಟ್ಟಿದ್ದಾರೆ. ಮೆಲ್ಲಗೆ ಹೇಳಿದ್ರು — ಈ ಸಲವೂ ಐವತ್ತು ದಾಟದಿದ್ರೆ ನಮ್ಮ ಬೂತ್ ಎತ್ತಿಬಿಡ್ತಾರೆ. ಆಚೆ ಬಡಾವಣೆಗೆ ಸೇರಿಸ್ತಾರೆ.

ಎರಡು ಮೈಲಿ. ಹೆದ್ದಾರಿ ದಾಟಿ. ಒಂದು ಪಾಳಿ ಮುಗಿಸಿ ಇನ್ನೊಂದಕ್ಕೆ ಓಡೋರು ಯಾರು ಹೋಗ್ತಾರೆ? ಮೂವತ್ತೊಂದು ಹದಿಮೂರಾಗುತ್ತೆ. ಆಮೇಲೆ ನಮ್ಮ ನಲ್ಲಿ, ನಮ್ಮ ಮೋರಿ ಕೇಳೋರು ಯಾರು?

ಬಿಡಲ್ಲ. ಏನಾದ್ರೂ ಆಗಲಿ, ಬಿಡಲ್ಲ.

ಜನವರಿ 18, ಭಾನುವಾರ

ಮೂರು ದಿನ ಮನೆಮನೆ ಸುತ್ತಿದೆ. ಕಾಲು ಬಿದ್ದುಹೋಗಿದೆ. ಲಿಸ್ಟಲ್ಲಿ ಆರುನೂರ ಹನ್ನೆರಡು ಹೆಸರು. ನೂರ ನಲವತ್ತು ಜನ ಮನೆ ಖಾಲಿ ಮಾಡಿ ಯಾವುದೋ ಕಾಲ ಆಯ್ತು. ಐವತ್ತಮೂರು ಜನ ತೀರಿಹೋಗಿದ್ದಾರೆ.

ತೀರಿಹೋದವರೂ ವೋಟು ಹಾಕಲಿಲ್ಲ ಅಂತ ನಮ್ಮನ್ನ ಸೋಮಾರಿ ಅಂದರಲ್ಲ! ನಗು ಬಂತು. ಆಮೇಲೆ ಕೋಪ ಬಂತು.

ಹೋದ ಸಲ ಹಾಕಿದವರು ನೂರ ತೊಂಬತ್ತು. ಇರೋರು ನಾನೂರ ಹತ್ತೊಂಬತ್ತೇ. ಅಂದ್ರೆ ನಲವತ್ತೈದು ಪರ್ಸೆಂಟು. ಐವತ್ತಕ್ಕೆ ಇನ್ನೊಂದು ಇಪ್ಪತ್ತು ಜನ ಸಾಕು. ಇಪ್ಪತ್ತು!

ಜನವರಿ 20

ಮನೆ ಬಿಟ್ಟುಹೋದವರ ಹೆಸರು ಮೇಡಮ್ಮೇ ತೆಗೀತಾರಂತೆ. ತೀರಿಹೋದವರದಕ್ಕೆ ಮನೆಯವರ ಸಹಿ ಬೇಕು.

ಯಾರೂ ಹಾಕ್ತಿಲ್ಲ. ಮಹಡಿ ಮನೆ ಅಜ್ಜಿ ಫಾರಂ ವಾಪಸ್ ತಳ್ಳಿದ್ರು — ‘ರೇಷನ್ ಕಾರ್ಡಿಂದ ತೆಗೆದ್ರು, ಬ್ಯಾಂಕಿಂದ ತೆಗೆದ್ರು. ನನ್ನ ಮಗನ ಹೆಸರು ಅದೊಂದರಲ್ಲಾದ್ರೂ ಇರ್ಲಿ ಬಿಡೇ.’

ನಾನು ಬಾಯಿಗೆ ಬಂದಹಾಗೆ ಅಂದುಬಿಟ್ಟೆ. ಲಿಸ್ಟ್ ಅಂದ್ರೇನು ಫೋಟೊಗೆ ಹಾರ ಹಾಕೋ ಗೋಡೇನಾ ಅಂತ.

ಅಜ್ಜಿ ನಿಧಾನಕ್ಕೆ ಕೇಳಿದ್ರು, ‘ನಿನ್ನ ಗಂಡನ ಫಾರಂ ಕೊಟ್ಯಾ?’

ಫಾರಂ ಮಡಚಿಕೊಂಡು ಇಳಿದು ಬಂದೆ.

ಜನವರಿ 26

ಐದು ದಿನ ಏನೂ ಬರೀಲಿಲ್ಲ.

ನಾಲ್ಕು ವರ್ಷ ಆಯ್ತು ಅವರು ಹೋಗಿ. ಲಿಸ್ಟಲ್ಲಿ ನನ್ನ ಹೆಸರಿನ ಮೇಲೇ ಅವರ ಹೆಸರು. ಹೋದ ಸಲ ಬೂತಲ್ಲಿ ಗುಮಾಸ್ತ ‘ಯಜಮಾನ್ರು ಬರಲಿಲ್ವಾ?’ ಅಂದ. ‘ಸಂಜೆ ಬರ್ತಾರೆ’ ಅಂದುಬಿಟ್ಟಿದ್ದೆ. ಯಾಕಂದೆನೋ. ಅವತ್ತಿಡೀ ದಿನ ಹಗುರಾಗಿತ್ತು.

ಅವರಿದ್ದಿದ್ರೆ ಬೈತಿದ್ರು. ಒಂದು ಚುನಾವಣೇನೂ ತಪ್ಪಿಸಿದವರಲ್ಲ. ಅವರ ಹೆಸರು ಸೋಮಾರಿಗಳ ಲೆಕ್ಕದಲ್ಲಿ ಸೇರಿದೆ. ಸೇರಿಸಿದ್ದು ನಾನೇ.

ಕಾರಣ — ಮರಣ. ಅರ್ಜಿದಾರರ ಸಂಬಂಧ — ಹೆಂಡತಿ. ಸಹಿ ಮಾಡಿದೆ. ಅತ್ತುಬಿಟ್ಟೆ, ಚೆನ್ನಾಗೇ ಅತ್ತೆ. ಮುಖ ತೊಳೆದು ಫಾರಂ ತಗೊಂಡು ಮಹಡಿ ಹತ್ತಿದೆ. ಅಜ್ಜಿ ಓದಿಸಿ ಕೇಳಿದ್ರು. ಮಗನ ಫಾರಂಗೂ ಹೆಬ್ಬೆಟ್ಟು ಒತ್ತಿದ್ರು.

ಫೆಬ್ರವರಿ 3

ಐವತ್ತಮೂರಕ್ಕೆ ಐವತ್ತೊಂದು ಫಾರಂ. ಮೇಡಂ ನನ್ನ ಕೈ ಹಿಡ್ಕೊಂಡ್ರು.

ಏಪ್ರಿಲ್ 22

ನಾಳೆ ಚುನಾವಣೆ. ರಜೆ ಪೇಪರಲ್ಲಿ ಮಾತ್ರ, ಲಾಂಡ್ರಿಗಿಲ್ಲ. ಸೂಪರ್‌ವೈಸರ್‌ಗೆ ಹೇಳಿದ್ದೀನಿ — ಇಲ್ಲಿ ಕೆಲಸ ಮಾಡೋ ನಮ್ಮ ಬೀದಿಯವರನ್ನ ವೋಟಿಗೆ ಬಿಡಬೇಕು, ಹತ್ತತ್ತು ಜನರ ಬ್ಯಾಚು, ಗಂಟೆಗೊಂದು. ಇಲ್ಲಾಂದ್ರೆ ಒಂದು ಶೀಟಿಗೂ ಇಸ್ತ್ರಿ ಬೀಳಲ್ಲ. ‘ಏನಮ್ಮ ಇದು ದಬ್ಬಾಳಿಕೆ!’ ಅಂದ. ಹೌದು ಅಂದೆ.

ಏಪ್ರಿಲ್ 23, ಸಂಜೆ 5.40

ಬೂತಿನ ಗೇಟಲ್ಲಿ. ಗುರುತು ಹಾಕೋಕೆ ಅಂತ ಈ ಪುಸ್ತಕವನ್ನೇ ತಂದೆ. ಇಲ್ಲಿವರೆಗೆ ಇನ್ನೂರ ಮೂರು. ಫಾರಂ ಬಾರದ ಆ ಇಬ್ಬರೂ ಸೇರಿ ಲಿಸ್ಟಲ್ಲಿ ಈಗ ನಾನೂರ ಇಪ್ಪತ್ತೊಂದು. ಇನ್ನೂ ಎಂಟು ಬೇಕು. ಕೊನೇ ಬ್ಯಾಚು ಹತ್ತು ಜನ. ಪಕ್ಷದವನು ಆಗಿಂದ ಗಡಿಯಾರ ನೋಡ್ತಿದ್ದಾನೆ, ಬೆವರ್ತಿದ್ದಾನೆ.

ಗುಮಾಸ್ತ ಬೆಳಗ್ಗೆ ಕೇಳಿದ, ‘ಒಬ್ರೇನಾ?’ ‘ಒಬ್ಬಳೇ’ ಅಂದೆ. ಗಟ್ಟಿಯಾಗೇ ಅಂದೆ.

5.57

ಬಂದ್ರು! ತಿರುವಲ್ಲಿ ಓಡಿ ಬರ್ತಿದ್ದಾರೆ, ನೀಲಿ ಯೂನಿಫಾರಂ, ಅಜ್ಜಿನ ಇಬ್ಬರು ಎತ್ತಿಕೊಂಡೇ ಬರ್ತಿದ್ದಾರೆ. ಪೊಲೀಸಪ್ಪ ಗೇಟಿಗೆ ಕೈ ಹಾಕಿದ್ದಾನೆ — ‘ಪಕ್ಕಕ್ಕೆ ಸರೀಮ್ಮಾ, ಟೈಮಾಯ್ತು.’ ಇನ್ನೂ ಮೂರು ನಿಮಿಷ ಇದೆ ಸ್ವಾಮಿ. ಗೇಟಿನ ನಡುವೆ ನಿಂತಿದ್ದೀನಿ, ನಿಂತೇ ಬರೀತಿದ್ದೀನಿ, ಮುಚ್ಚಲಿ ನೋಡೋಣ, ನಾನು ಇಲ್ಲಿಂದ ಒಂದು ಹೆಜ್ಜೆನೂ —