ಎರಡನೇ ಪರಿಶೀಲಕರ ತಕರಾರು

ಕಾಲೇಜಿನ ಹಿಂದಿನ ಕಟ್ಟಡ, ಎರಡನೇ ಮಹಡಿ
ಮಂಗಳವಾರ, ತಾರೀಖು ಹನ್ನೆರಡು

ನನ್ನ ಮುದ್ದಿನ ಮೊಂಡ ತಮ್ಮನಿಗೆ,

ಹೇಗಿದ್ದೀಯೋ? ಬೆನ್ನುನೋವು ಕಡಿಮೆಯಾಯಿತೇ? ಕಳೆದ ಸಲ ಬಂದಾಗ ನೀನು ಕುರ್ಚಿಯಿಂದ ಏಳಲು ಮೇಜು ಹಿಡಿದುಕೊಂಡದ್ದನ್ನು ನೋಡಿದ್ದೇನೆ, ‘ಏನಿಲ್ಲ ಅಕ್ಕಾ’ ಎಂಬ ಮಾಮೂಲಿ ಉತ್ತರ ಬೇಡ. ನಿಮ್ಮ ಸೈನ್ಯದ ಡಾಕ್ಟರಿಗೆ ತೋರಿಸು. ಅಮ್ಮ ಚೆನ್ನಾಗಿದ್ದಾಳೆ. ಮಂಡಿಗೆ ಹೊಸ ಪಟ್ಟಿ ತಂದುಕೊಟ್ಟರೆ ಅದನ್ನು ಕಪಾಟಿನಲ್ಲಿಟ್ಟು ಹಳೆಯದನ್ನೇ ಕಟ್ಟಿಕೊಳ್ಳುತ್ತಾಳೆ, ಹೊಸದು ಹಾಳಾಗಬಾರದಂತೆ. ನಿನ್ನ ಭಾವ ಪೇಪರಿನಿಂದ ಕಣ್ಣೆತ್ತದೆ ನಾನು ಹೇಳಿದ್ದಕ್ಕೆಲ್ಲ ತಲೆಯಾಡಿಸುತ್ತಾರೆ. ಅದಕ್ಕೇ ಈ ಸಿಟ್ಟನ್ನೆಲ್ಲ ನಿನ್ನ ಹತ್ತಿರ ಕಾರಿಕೊಳ್ಳುತ್ತಿದ್ದೇನೆ. ಫೋನಿನಲ್ಲಾದರೆ ‘ಹೂಂ, ಹೂಂ’ ಎಂದು ಮುಗಿಸಿಬಿಡುತ್ತೀಯ. ಕಾಗದವಾದರೆ ಕೊನೆಯವರೆಗೆ ಓದಲೇಬೇಕು.

ವಿಷಯ ಆ ಪ್ರಬಂಧದ್ದೇ. ಮೂರು ವರ್ಷದ ಹಿಂದಿನ ಪ್ರವಾಹದಲ್ಲಿ ಸರ್ಕಾರಿ ಕಚೇರಿಯವರೂ ಸೈನ್ಯದವರೂ ಹೇಗೆ ಜೊತೆಯಾಗಿ ಕೆಲಸ ಮಾಡಿದರು, ಎಲ್ಲಿ ಎಡವಿದರು ಎಂದು ಊರೂರು ಅಲೆದು ಬರೆದದ್ದು. ಯುದ್ಧ, ಪ್ರವಾಹ, ಭೂಕಂಪಗಳಲ್ಲಿ ಸೈನಿಕರೂ ನಾಗರಿಕರೂ ಹೆಗಲು ಕೊಡುವುದರ ಬಗ್ಗೆಯೇ ಒಂದು ಸಂಶೋಧನಾ ಪತ್ರಿಕೆ ಇದೆಯಲ್ಲ, ಅದಕ್ಕೆ ಕಳಿಸಿ ಹದಿನಾಲ್ಕು ತಿಂಗಳಾಯಿತು. ಹದಿನಾಲ್ಕು! ಅಷ್ಟರಲ್ಲಿ ನಮ್ಮ ವಿಭಾಗದ ಪ್ರಿಂಟರ್ ಎರಡು ಸಲ ಸತ್ತು ಹುಟ್ಟಿತು. ಮೊದಲು ಅಡಿಟಿಪ್ಪಣಿ ಅವರ ಪದ್ಧತಿಯಲ್ಲಿಲ್ಲ ಎಂದು ವಾಪಸ್ಸು. ಆಮೇಲೆ ಎರಡು ಸಾವಿರ ಪದ ಕಡಿಮೆ ಮಾಡಿ ಎಂದರು, ಮಾಡಿದೆ. ಮಾಡಿದ ಮೇಲೆ ವಿವರ ಸಾಲದು ಎಂದರು. ಅಳಬೇಕೋ ನಗಬೇಕೋ ನೀನೇ ಹೇಳು. ಎದುರು ಮೇಜಿನ ಮೇಡಂ ನನ್ನ ಗೊಣಗಾಟ ತಾಳಲಾರದೆ ಕಿವಿಗೆ ಹತ್ತಿ ಇಟ್ಟುಕೊಂಡು ಉತ್ತರಪತ್ರಿಕೆ ತಿದ್ದುತ್ತಾರೆ.

ಈಗ ಸಂಪಾದಕರಿಂದ ಇಬ್ಬರು ಪರಿಶೀಲಕರ ಅಭಿಪ್ರಾಯ ಬಂದಿದೆ. ಬರೆದವರು ಯಾರೆಂದು ಅವರಿಗೆ ಹೇಳುವುದಿಲ್ಲ, ಓದಿದವರು ಯಾರೆಂದು ನಮಗೆ ಹೇಳುವುದಿಲ್ಲ. ಇಬ್ಬರೂ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಆಡುವ ಕುಸ್ತಿ. ಮೊದಲನೆಯವರು ದೇವರಂಥವರು, ಎರಡು ಅಲ್ಪವಿರಾಮ ಸರಿಪಡಿಸಿ ‘ಪ್ರಕಟಿಸಬಹುದು’ ಎಂದಿದ್ದಾರೆ. ಎರಡನೆಯ ಪುಣ್ಯಾತ್ಮ ನಾಲ್ಕು ಪುಟ ಬರೆದಿದ್ದಾನೆ. ಮೂರು ಪುಟ ಓದುವಷ್ಟರಲ್ಲಿ ನನಗೆ ತಲೆ ಕೆಟ್ಟುಹೋಯಿತು. ಬರೆದದ್ದೆಲ್ಲ ನಿನ್ನ ಮೇಲೆ ಕಣೋ!

ಆ ದಿನ ನಡೆದದ್ದನ್ನು ನಿನಗೆ ನಾನು ಹೇಳಬೇಕಾಗಿಲ್ಲ, ಆದರೆ ನಾನು ಹೇಗೆ ಬರೆದೆ ಎಂಬುದನ್ನು ಕೇಳು. ಆಸ್ಪತ್ರೆಯ ತಾರಸಿಯ ಮೇಲೆ ನಲವತ್ತೊಂದು ಜನ. ಈಚೆ ದಡದಲ್ಲಿ ಸೈನ್ಯದ ದೋಣಿಗಳು, ನಿನ್ನ ತುಕಡಿ. ಸರ್ಕಾರಿ ಅಧಿಕಾರಿ ಫೋನಿನಲ್ಲಿ ‘ಹೊರಡಿ’ ಅಂದರು, ಈ ಕಡೆಯಿಂದ ‘ಬರೆದು ಕೊಡಿ’. ಬರೆದು ಕಳಿಸಿದರು, ‘ಮೊಹರು ಎಲ್ಲಿ?’ ಮೊಹರು ಕಪಾಟಿನಲ್ಲಿ, ಕಪಾಟು ಕಚೇರಿಯಲ್ಲಿ, ಕಚೇರಿ ನೀರಿನಲ್ಲಿ. ಹೀಗೆ ಮೀನಮೇಷ ಎಣಿಸುತ್ತಾ ಆರು ಗಂಟೆ ಹೋಯಿತು. ದೋಣಿ ಮುಟ್ಟಿದಾಗ ತಾರಸಿಯ ಮೇಲೆ ಜೀವಂತವಾಗಿ ಉಳಿದವರು ಮೂವತ್ತೆಂಟು. ಇಷ್ಟನ್ನೂ ಬರೆದು ನಾನು ‘ಸಮನ್ವಯದ ಕೊರತೆಯಿಂದ ವಿಳಂಬವಾಯಿತು’ ಎಂದು ಮುಗಿಸಿದ್ದೆ. ನಿನ್ನನ್ನು ‘ಅಧಿಕಾರಿ ಅ’ ಎಂದು ಕರೆದಿದ್ದೆ. ಆ ಅಧಿಕಾರಿ ನನ್ನ ತಮ್ಮ ಎಂದು ಸಂಪಾದಕರಿಗೆ ತಿಳಿಸಿರಲಿಲ್ಲ. ತಿಳಿಸಬೇಕಿತ್ತು, ಗೊತ್ತು. ನೀನು ಉಪದೇಶ ಶುರುಮಾಡಬೇಡ.

ಈ ಮಹಾನುಭಾವ ಕೇಳುತ್ತಾನೆ, ‘ಸಮನ್ವಯದ ಕೊರತೆ ಎಂಬುವವರು ಯಾರು? ಆ ದಿನ ದಡದಲ್ಲಿ ನಿಂತಿದ್ದರೇ?’ ಕೊಂಕು ನೋಡು! ಜೀವಕ್ಕೆ ಅಪಾಯವಿದ್ದಾಗ ತುಕಡಿಯ ಮುಖ್ಯಸ್ಥ ಯಾರ ಪತ್ರಕ್ಕೂ ಕಾಯದೆ ಹೊರಡಬಹುದು, ಪತ್ರ ಆಮೇಲೆ ಬಂದರೂ ಸಾಕು ಎಂಬ ನಿಯಮವಿದೆಯಂತೆ. ಅದನ್ನು ಲೇಖಕರು ಏಕೆ ಬಿಟ್ಟರಂತೆ. ‘ಅಧಿಕಾರಿ ಅ ಹೊರಡಬಹುದಿತ್ತು, ಹೊರಡಲಿಲ್ಲ’ ಎಂಬ ಒಂದು ವಾಕ್ಯ ಸೇರಿಸದಿದ್ದರೆ ಪ್ರಬಂಧ ಪ್ರಕಟವಾಗಲೇಬಾರದಂತೆ. ನನಗೆ ನಿಯಮ ಗೊತ್ತಿರಲಿಲ್ಲವೇ? ಗೊತ್ತಿತ್ತು, ಬೇಕೆಂದೇ ಬಿಟ್ಟೆ. ಆ ವಾಕ್ಯ ಅಚ್ಚಾದರೆ ಮುಚ್ಚಿಹೋದ ವಿಚಾರಣೆ ಮತ್ತೆ ತೆರೆಯುತ್ತದೆ, ನಿನ್ನ ಬಡ್ತಿ ಹೋಗುತ್ತದೆ. ‘ಅ’ ಅಂದರೆ ಯಾರೆಂದು ಹುಡುಕಲು ಯಾರಿಗೂ ಅರ್ಧ ದಿನವೂ ಬೇಡ. ಅಮ್ಮನಿಗೆ ಗೊತ್ತಾದರೆ ನಾನು ಯಾವ ಮುಖ ಇಟ್ಟುಕೊಂಡು ಮನೆಗೆ ಹೋಗಲಿ?

ಹಾಳಾಗಿ ಹೋಗಲಿ, ಬೇರೆ ಪತ್ರಿಕೆಗೆ ಕಳಿಸೋಣ ಎಂದರೆ ಅದಕ್ಕೂ ಮನಸ್ಸಾಗದು. ಮುಂದಿನ ಮಳೆಗಾಲಕ್ಕೆ ಮುಂಚೆ ಹೊಸ ಅಧಿಕಾರಿಗಳಿಗೆ, ಕಚೇರಿಯವರಿಗೂ ಸೈನ್ಯದವರಿಗೂ, ತರಬೇತಿಯಲ್ಲಿ ಈ ಸಂಚಿಕೆಯನ್ನೇ ಓದಿಸುತ್ತಾರಂತೆ. ಶುಕ್ರವಾರದೊಳಗೆ ನನ್ನ ಉತ್ತರ ಬೇಕು. ‘ಲೇಖಕರು ಬರೆದ ಹಾಗೇ ಬಿಟ್ಟರೆ ಓದಿದವರು ಕಲಿಯುವುದು ಇಷ್ಟೇ: ಮೊಹರನ್ನು ಎತ್ತರದ ಕಪಾಟಿನಲ್ಲಿಡಿ.’ ಇದೂ ಆ ಪುಣ್ಯಾತ್ಮನದೇ ಮಾತು. ನಿಜವಾದ ಮಾತು, ಅದಕ್ಕೇ ಇನ್ನಷ್ಟು ಉರಿದುಹೋಯಿತು.

ನಿನ್ನೆಯಿಂದ ಮೂರು ಉತ್ತರ ಬರೆದು ಹರಿದೆ. ಒಂದರಲ್ಲಿ ‘ಮಾನ್ಯ ಪರಿಶೀಲಕರು ಎಂದಾದರೂ ಅಂಥ ನೀರಿನ ಮುಂದೆ ನಿಂತಿದ್ದಾರೆಯೇ?’ ಎಂದು ಕೇಳಿದ್ದೆ. ಫ್ಯಾನಿನ ಕೆಳಗೆ ಕೂತು ಬುದ್ಧಿ ಹೇಳಲು ಯಾರಿಗೆ ಬರುವುದಿಲ್ಲ? ನಿನಗೆ ಬಡ್ತಿ ಸಿಗಬಾರದು ಎನ್ನುವ ಯಾರೋ ನಿನ್ನ ಜೊತೆಯವನೇ ಹಗೆ ತೀರಿಸಿಕೊಳ್ಳುತ್ತಿದ್ದಾನೆ. ಯಾರಿರಬಹುದು, ಯೋಚಿಸಿ ತಿಳಿಸು. ತಮ್ಮನನ್ನು ಬಲಿಕೊಟ್ಟು ಪ್ರಬಂಧ ಅಚ್ಚುಹಾಕಿಸುವವಳು ನಾನಲ್ಲ. ಹಿಂತೆಗೆದುಕೊಳ್ಳುವುದೆಂದು ಬಹುಮಟ್ಟಿಗೆ ತೀರ್ಮಾನಿಸಿದ್ದೇನೆ. ಎರಡು ವರ್ಷದ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು, ಆಗಲಿ ಬಿಡು.

ಬೆನ್ನಿಗೆ ಬಿಸಿನೀರಿನ ಶಾಖ ಕೊಟ್ಟುಕೋ. ಅಮ್ಮನ ಆಶೀರ್ವಾದ ಇದರ ಜೊತೆಯಲ್ಲೇ ಬರುತ್ತಿದೆ, ಭಾವನ ತಲೆಯಾಡಿಸುವಿಕೆಯೂ.

ಹುಟ್ಟಿದಂದಿನಿಂದ ನಿನ್ನ ಮೇಲೆ ರೇಗುತ್ತಲೇ ಬಂದಿರುವ,
ಅಕ್ಕ

ತಾ.ಕ.: ಲಕೋಟೆ ಅಂಟಿಸುವ ಮುಂಚೆ, ನಿನಗೆ ತೋರಿಸೋಣವೆಂದು ಆ ತಕರಾರಿನ ನಕಲು ಮಾಡುತ್ತಿದ್ದೆ. ಆಗಲೇ ನಾಲ್ಕನೇ ಪುಟ ಓದಿದ್ದು. ಕೊನೆಯಲ್ಲಿ ಹೀಗಿದೆ: ‘ತಾರಸಿಯಿಂದ ನರ್ಸ್ ಆ ಅಧಿಕಾರಿಗೆ ಎರಡು ಸಲ ಫೋನ್ ಮಾಡಿದ್ದರು. ಎರಡನೇ ಸಲ ಅವರು ಎತ್ತಲಿಲ್ಲ. ಹೇಳಲು ಉತ್ತರವಿರಲಿಲ್ಲ.’ ಎರಡನೇ ಫೋನಿನ ವಿಷಯ ನರ್ಸ್ ಹೇಳಿದ್ದು ನನಗೊಬ್ಬಳಿಗೆ. ನಾನು ಅದನ್ನು ಪ್ರಬಂಧದಲ್ಲಿ ಹಾಕಿಲ್ಲ, ನಿನ್ನ ಭಾವನಿಗೂ ಹೇಳಿಲ್ಲ. ಏಕೆ ಎತ್ತಲಿಲ್ಲ ಎಂಬುದು ಆ ನರ್ಸಿಗೂ ಗೊತ್ತಿಲ್ಲ. ಗೊತ್ತಿರುವವನು ಒಬ್ಬನೇ.

ಕತ್ತೆ! ಅಕ್ಕನ ಪ್ರಬಂಧ ಎಂದು ಗೊತ್ತಾದ ಕೂಡಲೇ ನೀನು ಅದನ್ನು ವಾಪಸ್ ಕಳಿಸಬೇಕಿತ್ತು. ನಾನೂ ಬಾಯಿಬಿಡಬೇಕಿತ್ತು. ಈಗ ಸಂಪಾದಕರಿಗೆ ನಿನ್ನದನ್ನು ನೀನು ಬರಿ, ನನ್ನದನ್ನು ನಾನು ಇವತ್ತೇ ಬರೆಯುತ್ತೇನೆ. ಪ್ರಕಟಿಸುವುದು, ಬಿಡುವುದು ಅವರಿಗೆ ಸೇರಿದ್ದು. ಆ ವಾಕ್ಯ ಮಾತ್ರ ಸೇರಿಸಿದ್ದೇನೆ, ನೀನು ಹೇಳಿದ ಹಾಗೇ. ಮೂರು ವರ್ಷ ನಿನ್ನನ್ನು ಕಾಪಾಡುತ್ತಿದ್ದೇನೆ ಅಂದುಕೊಂಡಿದ್ದೆನಲ್ಲೋ, ಅಷ್ಟು ದಿನ ಒಬ್ಬನೇ ಅದನ್ನು ಹೇಗೆ ಹೊತ್ತುಕೊಂಡಿದ್ದೆ? ಈ ಕಾಗದ ಶನಿವಾರ ನಿನ್ನ ಕೈಸೇರುತ್ತದೆ. ಭಾನುವಾರ ಬೆಳಿಗ್ಗೆ ಫೋನ್ ಮಾಡುತ್ತೇನೆ. ಹೇಳಲು ಉತ್ತರವಿಲ್ಲದಿದ್ದರೂ ಎತ್ತು.