ಎಡಗಣ್ಣಿನ ಹಟ

ಜೂನ್ 9, ಸೋಮವಾರ

ಇವತ್ತೂ ಅದೇ ಸ್ಟೂಲು, ಅದೇ ಕಿಟಕಿ, ಎಡಗೆನ್ನೆಗೆ ಬೆಳಕು. ಚಿತ್ರಕಲಾ ಶಾಲೆಯಲ್ಲಿ ನನ್ನ ಕೆಲಸ ಒಂದೇ — ಅಲ್ಲಾಡದೆ ಕೂರುವುದು. ಮಕ್ಕಳು ಸುತ್ತ ಕೂತು ನನ್ನ ಮುಖ ಬರೆಯುತ್ತಾರೆ. ಇಷ್ಟು ವರ್ಷದಲ್ಲಿ ಮೂಗಿನ ಮೇಲೆ ನೊಣ ಕೂತರೂ ಮಿಸುಕಿದವಳಲ್ಲ. ಇವತ್ತು ಎಡಗಣ್ಣಿನ ರೆಪ್ಪೆ ತಾನೇ ತಾನಾಗಿ ಪಟಪಟ ಅಂತು. ಒತ್ತಿ ಹಿಡಿಯೋಣವೆಂದರೆ, ಕೈ ಎತ್ತಿದರೆ ಎಲ್ಲರ ಚಿತ್ರವೂ ಕೆಡುತ್ತದೆ. ಒಳಗೊಳಗೇ ಬೈದುಕೊಂಡು ಕೂತೆ.

ಜೂನ್ 11, ಬುಧವಾರ

ಮತ್ತೆ. ಈಗ ಕಾಲಿನ ಮೀನಖಂಡದಲ್ಲೂ. ಚರ್ಮದ ಕೆಳಗೆ ಹುಳ ಹರಿದ ಹಾಗೆ. ಮನೆಯಲ್ಲಿ ಇವರಿಗೆ ತೋರಿಸಿದೆ. ಇವರ ಹಾರ್ಟ್ ಆಪರೇಷನ್ ಆಗಿ ಎದೆಯ ಹೊಲಿಗೆ ಇನ್ನೂ ಪೂರ್ತಿ ಮಾಗಿಲ್ಲ, ಕುಚೋದ್ಯಕ್ಕೇನೂ ಕಮ್ಮಿಯಿಲ್ಲ.

"ನಂಗೇ ಕಣ್ ಹೊಡೀತಿದ್ದೀಯೇನೇ? ಡಾಕ್ಟ್ರು ಎಕ್ಸೈಟ್‌ಮೆಂಟ್ ಬೇಡ ಅಂದಿದ್ದಾರಲ್ಲೇ!"

ನಗುವೂ ಬಂತು, ಅಳುವೂ ಬಂತು. ಇವರು ಮಧ್ಯಾಹ್ನ ಮಲಗಿದಾಗ ಮೊಬೈಲಿನಲ್ಲಿ ಹುಡುಕಿದೆ. ಹುಡುಕಬಾರದಿತ್ತು. ನರ ಸಾಯುವ ರೋಗ, ಕೈಕಾಲು ಬಿದ್ದುಹೋಗುವ ರೋಗ... ನನಗೇನಾದರೂ ಆದರೆ ಇವರಿಗೆ ಯಾರು ಗತಿ? ಭಯ. ಇಲ್ಲಿ ಬರೆಯುವುದಕ್ಕೇನು ನಾಚಿಕೆ — ಕೈಕಾಲು ತಣ್ಣಗಾಗುವಷ್ಟು ಭಯ.

ಜೂನ್ 19, ಗುರುವಾರ

ನರದ ಡಾಕ್ಟರ ಹತ್ತಿರ ಹೋಗಿದ್ದೆ. ಮೊಣಕಾಲಿಗೆ ಪುಟ್ಟ ಸುತ್ತಿಗೆಯಲ್ಲಿ ಬಡಿದರು, ಕೈ ಒತ್ತಿಸಿ ನೋಡಿದರು, ಸೂಜಿ ಚುಚ್ಚಿ ಮಷಿನ್ನಿನಲ್ಲಿ ನೋಡಿದರು. ಎಲ್ಲ ನಾರ್ಮಲ್.

"ರೋಗ ಏನಿಲ್ಲಮ್ಮ. ಟೆನ್ಷನ್. ನಿದ್ದೆ ಹೇಗಿದೆ?"

"ಎಲ್ಲಿ ನಿದ್ದೆ... ಇವ್ರ ಉಸಿರು ಕೇಳಿಸ್ಕೊಳ್ತಾ ಇರ್ತೀನಿ."

"ಕಾಫಿ?"

"ಕುಡೀದಿದ್ರೆ ನಿದ್ದೆ ಬಂದ್ಬಿಡುತ್ತಲ್ಲ ಡಾಕ್ಟ್ರೇ!"

ನಕ್ಕರು. ಕಾಫಿ ಕಮ್ಮಿ ಮಾಡಿ, ನಿದ್ದೆ ಮಾಡಿ, ಕೆಲಸ ಮಾತ್ರ ಬಿಡಬೇಡಿ, ಅದುರಿದರೆ ಅದುರಲಿ ಅಂದರು. ಆಮೇಲೆ ಯೋಚನೆ ಬಿಡಿ ಅಂತಲೂ ಅಂದರು. ಎಲ್ಲರೂ ಇದನ್ನೇ ಹೇಳುತ್ತಾರೆ. ಬಾಗಿಲಲ್ಲಿ ಬಿಟ್ಟು ಬರುವುದಕ್ಕೆ ಅದೇನು ಚಪ್ಪಲಿಯೇ?

ಜೂನ್ 27, ಶುಕ್ರವಾರ

ದೊಡ್ಡ ರಂಪ. ಡ್ರಾಯಿಂಗ್ ಮೇಷ್ಟ್ರು ಈ ತಿಂಗಳ ಚಿತ್ರಗಳನ್ನೆಲ್ಲ ಗೋಡೆಗೆ ಸಾಲಾಗಿ ಒರಗಿಸಿದರು. ಒಂದರಲ್ಲಿ ನನ್ನ ಎಡಗಣ್ಣು ತೆರೆದಿದೆ, ಇನ್ನೊಂದರಲ್ಲಿ ಮುಚ್ಚಿದೆ, ಮತ್ತೊಂದರಲ್ಲಿ ಅರ್ಧಂಬರ್ಧ.

"ಕಣ್ಣಿದ್ದೂ ಕುರುಡ್ರಾ ನೀವು? ಒಂದೇ ಮುಖ, ಒಂದೊಂದರಲ್ಲಿ ಒಂದೊಂದು ಥರ! ಎಲ್ಲಾ ಹರಿದು ಮತ್ತೆ ಮಾಡಿ."

ಪಾಪ, ಯಾವ ಮಗುವೂ ನನ್ನ ಹೆಸರು ಹೇಳಲಿಲ್ಲ. ಮುಂದಿನ ಸಾಲಿನ ಹುಡುಗಿಯ ಕಣ್ಣಲ್ಲಿ ನೀರು. ಸುಮ್ಮನಿದ್ದಿದ್ದರೆ ನನ್ನ ಕೆಲಸ ಉಳಿಯುತ್ತಿತ್ತು. ಬಾಯಿ ಕೇಳಬೇಕಲ್ಲ.

"ಅವ್ರು ಸರಿಯಾಗೇ ನೋಡಿದ್ದಾರೆ ಸರ್. ನನ್ ಕಣ್ಣೇ ಅದುರೋದು."

"ಮತ್ತೆ ಮೊದ್ಲೇ ಯಾಕ್ರೀ ಹೇಳ್ಲಿಲ್ಲ?"

"ಹೇಳಿದ್ರೆ ಇಟ್ಕೊಳ್ತಿದ್ರಾ?"

ಮೇಷ್ಟ್ರು ಚಿತ್ರಗಳನ್ನು ಗೋಡೆಯಿಂದ ಎತ್ತತೊಡಗಿದರು. ಕ್ಲಾಸ್ ಮುಗಿದ ಮೇಲೆ ಹೊರಗೆ ಕರೆದು, ಪೂರ್ತಿ ವಾಸಿಯಾಗುವ ತನಕ ಬರುವುದು ಬೇಡ ಅಂದರು. ಮೆತ್ತಗೇ ಅಂದರು. ನಾನು ಹೂಂ ಅನ್ನಲಿಲ್ಲ.

ಜೂನ್ 28, ಶನಿವಾರ

ಸಿಟ್ಟು ಇಳಿದಿಲ್ಲ. ಮನೆ ತುಂಬ ಮಾತ್ರೆ, ಬಿಸಿನೀರು, ಬಿಪಿ ಮಷಿನ್. ಆ ಸ್ಟೂಲಿನ ಮೇಲೆ ಕೂತಾಗ ಮಾತ್ರ ಯಾರೂ ನನ್ನನ್ನು ಏನೂ ಕೇಳುವುದಿಲ್ಲ, ನೋಡುತ್ತಾರೆ, ಅಷ್ಟೆ. ಅದನ್ನೂ ಬಿಡಬೇಕಾ? ಬಿಡಲ್ಲ. ಪೂರ್ತಿ ವಾಸಿಯಾದ ಮೇಲೆ ಅಂತ ಕಾದರೆ ಮುಗಿದ ಹಾಗೇ.

"ಸೋಮವಾರ ಹೋಗು. ಮುಖದ್ ಮೇಲೆ ಬಾಗ್ಲು ಹಾಕ್ಲಿ, ನೋಡೋಣ," ಅಂದರು ಇವರು.

"ನೀವೊಬ್ರೇ ಇರ್ಬೇಕಲ್ಲ..."

"ನಿನ್ ಕಾವಲಿಗೆ ಹೆದ್ರಿ ಹೊಡ್ಕೊಳ್ತಾ ಇದೆ ಕಣೇ ನನ್ ಹಾರ್ಟು. ಸ್ವಲ್ಪ ಅದರ ಪಾಡಿಗೆ ಬಿಡು ಅದನ್ನ!"

ಜೂನ್ 30, ಸೋಮವಾರ, ಬೆಳಗ್ಗೆ

ಹೊರಟೆ. ಕಣ್ಣು ಅದುರುತ್ತಿದೆ. ಬಾ, ನೀನೂ ಬಾ ಅಂದೆ.

ಸಂಜೆ

ನನ್ನ ಸ್ಟೂಲಿನ ಮೇಲೆ ಪ್ಲಾಸ್ಟರಿನದೊಂದು ತಲೆ! ಎರಡೂ ಕೈಯಲ್ಲಿ ಎತ್ತಿ ಕಿಟಕಿಯ ಕಟ್ಟೆಯ ಮೇಲಿಟ್ಟೆ. ಕೂತೆ.

"ಏನ್ರೀ ಇದು? ಅಲ್ಲಾಡೋ ಮುಖಾನ ಹೇಗ್ರೀ ಬರೆಯೋದು?"

"ಗೊಂಬೆ ಎಲ್ಲೂ ಹೋಗಲ್ಲ ಸರ್. ನನ್ನನ್ನ ಇರೋವಾಗ್ಲೇ ಬರೀಲಿ."

ಕಣ್ಣು ಅದುರಿತು. ಅದುರಲಿ. ನಾನು ಏಳಲಿಲ್ಲ. ಮುಂದಿನ ಸಾಲಿನ ಹುಡುಗಿ ಸದ್ದಿಲ್ಲದೆ ತನ್ನ ಡ್ರಾಯಿಂಗ್ ಸ್ಟ್ಯಾಂಡನ್ನು ನನ್ನ ಕಡೆ ತಿರುಗಿಸಿದಳು. ಆಮೇಲೆ ಅವಳ ಪಕ್ಕದವನು. ಆಮೇಲೆ ಬರೀ ಸ್ಟ್ಯಾಂಡುಗಳನ್ನು ಎಳೆದಾಡುವ ಸದ್ದು. ಮೇಷ್ಟ್ರು ಹೊರಗೆ ಹೋದರು, ಬೆಲ್ ಹೊಡೆಯುವವರೆಗೂ ವಾಪಸ್ ಬರಲಿಲ್ಲ. ಕೆಲಸ ಇದೆಯೋ ಹೋಯಿತೋ ಗೊತ್ತಿಲ್ಲ. ಬುಧವಾರವೂ ಹೋಗುವವಳೇ.

ಜುಲೈ 2, ಬುಧವಾರ, ಬೆಳಗ್ಗೆ

ಬಟ್ಟೆ ಹಾಕಿಕೊಂಡು ಕೂತಿದ್ದೆ. ಬಾಗಿಲು ಹಾಕಿದ್ದರೆ ಮೆಟ್ಟಿಲ ಮೇಲೆ ಕೂರುವುದು ಅಂತಲೂ ತೀರ್ಮಾನಿಸಿದ್ದೆ. ಅಷ್ಟರಲ್ಲಿ ಫೋನು. ಮೇಷ್ಟ್ರು.

"ಇವತ್ತು ಬೆಳಕು ಚೆನ್ನಾಗಿದೆ. ಸ್ವಲ್ಪ ಬೇಗ ಬರ್ತೀರಾ?"

"ಕಣ್ಣು ಹಾಗೇ ಇದೆ ಸರ್."

"ಹಾಗೇ ತನ್ನಿ."

ಫೋನ್ ಇಟ್ಟು ನಿಂತಲ್ಲೇ ಅತ್ತುಬಿಟ್ಟೆ. ಇವರು ಬಾಗಿಲಲ್ಲಿ ನಿಂತು ಲೇಟಾಯ್ತು, ಲೇಟಾಯ್ತು ಅಂತ ಒಂದೇ ಸಮ ಕೂಗುತ್ತಿದ್ದಾರೆ. ಬಂದೆ ಮಾರಾಯರೇ, ಒಂದೇ ಒಂದು ಸಾಲು ಬರೆದು—